ಶ್ರೀರಂಗಪಟ್ಟಣ ಕಾಣದ ಕತ್ತಿ

ಬೆಳಗಿನ ಏಳು ಗಂಟೆಯಾದರೂ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಇನ್ನೂ ಕತ್ತಲು. ಪಿಕಾಡಿಲಿ ಟ್ರೇನು ಹಿಡಿಯಲು ಊರೆಲ್ಲ ಸ್ಟೇಷನ್ನಿಗೆ ಓಡುತ್ತಿದ್ದರೆ ವೇದಾ ಒಬ್ಬರೇ ಎದುರು ದಿಕ್ಕಿಗೆ ನಡೆದು, ಹಳೆಯ ಹತ್ತಿ ಗಿರಣಿಯ ನೆಲಮಾಳಿಗೆಯ ಬೀಗ ತೆಗೆಯುತ್ತಾರೆ. ಸ್ವೆಟರಿನ ಮೇಲೆ ಏಪ್ರನ್, ಕೈಗೆ ತೆಳು ಗ್ಲೌಸ್. ಮೇಜಿನ ಮೇಲೆ ಕತ್ತಿಯೊಂದನ್ನು ಮಲಗಿಸಿ, ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದು, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾರೆ. "ಎಣ್ಣೆ ಜಾಸ್ತಿಯಾದ್ರೆ ಧೂಳು ಕೂರುತ್ತೆ, ಕಮ್ಮಿಯಾದ್ರೆ ತುಕ್ಕು. ದೋಸೆ ಕಾವಲಿಗೆ ಸವರ್ತೀವಲ್ಲ, ಅಷ್ಟು ಸಾಕು," ಎನ್ನುತ್ತಾರೆ.

ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಡಾಕ್ಟರ್ ಗಂಡ ಸುಬ್ರಹ್ಮಣ್ಯ ಅವರ ಬೆನ್ನಿಗೆ ಇಲ್ಲಿಗೆ ಬಂದವರು ವೇದಾ. ಆ ಡಿಗ್ರಿಗೆ ಇಲ್ಲಿ ಸಿಕ್ಕಿದ್ದು ತುಕ್ಕು ಬಿಡಿಸುವ ಕೆಲಸ. ಗಿರಣಿ ಮಾಲೀಕನೊಬ್ಬ ದೇಶದೇಶಗಳಿಂದ ಬಾಚಿ ತಂದು ಬಿಟ್ಟುಹೋದ ಇನ್ನೂರು ಚಿಲ್ಲರೆ ಆಯುಧಗಳ ಸಣ್ಣ ಮ್ಯೂಸಿಯಂ ಇದು. ಅದರಲ್ಲೊಂದು ಕತ್ತಿಗೆ 'ಶ್ರೀರಂಗಪಟ್ಟಣ, 1799' ಎಂಬ ಚೀಟಿಯಿತ್ತು.

"ಚೀಟಿ ಓದಿ ಕಣ್ಣಲ್ಲಿ ನೀರು ಬಂತು. ಹಿಡಿಗೆ ಸುತ್ತಿದ್ದ ನಾರು ನೋಡಿದ್ರೆ ಥೇಟ್ ಬಾಳೆನಾರು. ಹೂ ಕಟ್ಟಿ ಬೆಳೆದ ಕೈ ನಂದು, ಗೊತ್ತಾಗಲ್ವ? ನಮ್ದೇ ಅಂದ್ಬಿಟ್ಟೆ."

ಕನ್ನಡ ಸಂಘಕ್ಕೆ ಅಷ್ಟೇ ಸಾಕಾಯಿತು. ಅಧ್ಯಕ್ಷರಾದ ಡಿಡ್ಸ್‌ಬರಿಯ ಡಾಕ್ಟರ್ ರಾಜಶೇಖರ 2002ರ ಆಯುಧಪೂಜೆಗೆ ಕೋಚ್ ಬಸ್ಸಿನ ತುಂಬ ಜನರನ್ನು ಕರೆತಂದರು. ಗಾಜಿನ ಪೆಟ್ಟಿಗೆಗೆ ಹಾರ, ವೇದಾಗೆ ಶಾಲು, ಫೋಟೋಗಳಿಗೆ ಲೆಕ್ಕವಿಲ್ಲ. ಮರುವರ್ಷದ ರಾಜ್ಯೋತ್ಸವದಲ್ಲಿ ಕತ್ತಿಯದೇ ಮೆರವಣಿಗೆ ಎಂದು ತೀರ್ಮಾನವೂ ಆಯಿತು.

ಆ ಮೆರವಣಿಗೆಗೆಂದು ಕತ್ತಿಯನ್ನು ಚೊಕ್ಕ ಮಾಡಲು ಕೂತಾಗಲೇ ವೇದಾಗೆ ಅನುಮಾನ ಹುಟ್ಟಿದ್ದು. ಹಿಡಿಯ ಬುಡದ ಕೊಳೆ ಬಿಡಿಸಿದರೆ, ಅಲಗು ಹಿಡಿಗೆ ಸೇರುವ ಕಡೆ ಬೇರೆಯೇ ಕಬ್ಬಿಣದ ತುಂಡು. ಎರಡೂ ಕೂಡುವ ಗೆರೆ ಕೊನೆಯಲ್ಲಿ ಓರೆಯಾಗಿ ತಿರುಗಿದೆ. ಲೀಡ್ಸ್‌ಗೆ ಕತ್ತಿ ಕೊಂಡೊಯ್ದು, ಅಲ್ಲಿನ ಆಯುಧ ಮ್ಯೂಸಿಯಮ್ಮಿನ ಇಂಥವೇ ಕತ್ತಿಗಳ ಪಕ್ಕ ಇಟ್ಟು ನೋಡಿದರು. ಅನುಮಾನವೇ ಉಳಿಯಲಿಲ್ಲ. ಇದು ಫಿಲಿಪೀನ್ಸ್‌ನ ದಕ್ಷಿಣ ದ್ವೀಪಗಳ ಕ್ರಿಸ್ ಕತ್ತಿ. ತೀರ ಈಚಿನವುಗಳಲ್ಲಿ ಆ ತುಂಡು ಬೇರೆಯಿರುವುದಿಲ್ಲ, ಬರೀ ಗೀಟು ಕೊರೆದಿರುತ್ತಾರೆ. ತೀರ ಹಳೆಯವುಗಳಲ್ಲಿ ಗೆರೆ ನೇರ. ಇದರದ್ದು ಓರೆ ಗೆರೆ, ಜೊತೆಗೆ ಬಿಗಿಯಲು ಲೋಹದ ಪಟ್ಟಿ. ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯದು. ಆ ನಾರು ಅಬಾಕಾ, ಬಾಳೆಯ ಜಾತಿಗೇ ಸೇರಿದ ಅಲ್ಲಿನ ಗಿಡದ್ದು.

"ಶ್ರೀರಂಗಪಟ್ಟಣ ಬಿದ್ದು ನೂರು ವರ್ಷದ ಹತ್ತಿರ ಆದ್ಮೇಲೆ ಹುಟ್ಟಿದ ಕತ್ತಿಗೆ ನಾವು ಕುಂಕುಮ ಇಟ್ಟಿದ್ವಿ," ಎನ್ನುವಾಗ ವೇದಾ ನಗುವುದಿಲ್ಲ.

"ನವೆಂಬರ್ ಕಳೀಲಿ, ಆಮೇಲೆ ಹೇಳು," ಎಂದು ಗಂಡ ಬುದ್ಧಿ ಹೇಳಿದರು. ವೇದಾ ಕೇಳಲಿಲ್ಲ. ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು, ತಾನು ಹೇಳಿದ್ದು ತಪ್ಪು, ಕತ್ತಿ ನಮ್ಮದಲ್ಲ ಎಂದರು. ರಾಜಶೇಖರರ ಮುಖ ಕೆಂಪೇರಿತು. "ನೀವು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ವೇದಾ ಅವ್ರೇ? ಇಷ್ಟು ಜನರ ಮುಂದೆ ಮಾನ ಕಳೆದ್ರಲ್ಲ!" ಶಾಲು ಹೊದಿಸಿದ್ದ ಕೈಗಳೇ ಅಂದು ವೇದಾಗೆ ಕಾಫಿ ಕೊಡಲು ಮರೆತವು.

ಆ ದಸರೆಗೆ ಯಾವ ಮನೆಯವರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. "ಬೊಂಬೆ ನೋಡೋಕೆ ಬನ್ನಿ ಅಂತ ಒಂದು ಫೋನ್ ಇಲ್ಲ. ಕೊಬ್ರಿ ಮಿಠಾಯಿ ಮಾಡಿಟ್ಟಿದ್ದೆ. ನಾವಿಬ್ರೇ ತಿಂದ್ವಿ." ಕೋಚುಗಳು ನಿಂತ ಮೇಲೆ ಮ್ಯೂಸಿಯಂ ಕೂಡ ವಾರದ ಕೆಲಸದ ರೋಟಾದಲ್ಲಿ ಅವರ ನಾಲ್ಕು ದಿನವನ್ನು ಎರಡಕ್ಕೆ ಇಳಿಸಿದೆ. ಕತ್ತಿಗೀಗ ಸರಿಯಾದ ಹೊಸ ಚೀಟಿ ಬಂದಿದೆ, ಅದನ್ನು ಕಂಡುಹಿಡಿದವರ ಹೆಸರು ಅದರಲ್ಲಿಲ್ಲ. ನಿಯತ್ತಿಗೆ ಸಿಕ್ಕ ಸಂಬಳ ಇಷ್ಟೇ.

ಕಳೆದ ವಾರ ರಾಜಶೇಖರ ತಾವಾಗಿಯೇ ಫೋನ್ ಮಾಡಿದರು. ದನಿ ಬೆಣ್ಣೆಯಾಗಿತ್ತು. ಚೀಟಿಯಲ್ಲಿ 'ಶ್ರೀರಂಗಪಟ್ಟಣದ್ದೂ ಇರಬಹುದು' ಎಂದು ಒಂದು ಸಾಲು ಸೇರಿಸಿದರೆ ಸಾಕು, ಕೋಚು ಮತ್ತೆ ಬರುತ್ತದೆ, ಕೆಲಸವೂ ಉಳಿಯುತ್ತದೆ, ಯುಗಾದಿ ಊಟಕ್ಕೆ ಮನೆಮಂದಿಯೆಲ್ಲ ಬನ್ನಿ ಎಂದರು.

ಯುಗಾದಿ ಊಟದ ಆಸೆ ತನಗಿರಲಿಲ್ಲವೆಂದು ವೇದಾ ಸುಳ್ಳು ಹೇಳುವುದಿಲ್ಲ. ಫೋನಿನಲ್ಲಿ ಕೊಟ್ಟ ಉತ್ತರವನ್ನು ಮಾತ್ರ, ಗ್ಲೌಸ್ ಬಿಚ್ಚುತ್ತಾ, ಹಾಗೇ ಒಪ್ಪಿಸುತ್ತಾರೆ:

"ಬೇರೆಯೋರ ಕತ್ತೀನ ನಮ್ದು ಅನ್ನೋದನ್ನ ಈ ದೇಶದೋರಿಂದ ನಾವು ಕಲಿಯೋದು ಬೇಡ, ಡಾಕ್ಟ್ರೇ."