ಮೈಲುತುತ್ತದ ನೀರು

ಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರ ಕೈಯೂ ತನ್ನ ಸಹಜ ಬಣ್ಣದಲ್ಲಿ ಇರಲಿಲ್ಲ. ಅವ್ವನ ಕೈ ಮೊಣಕೈವರೆಗೂ ಹಸಿರುಗಂದು. ಅಪ್ಪನ ಅಂಗೈಯಲ್ಲಿ ಕುರಿಗಳ ಗಾಯಕ್ಕೆ ಹಚ್ಚುವ ಡಾಂಬರಿನ ಕರಿ. ನನ್ನ ಬೆರಳತುದಿಗಳಲ್ಲಿ ದಾಳಿಂಬೆ ಸಿಪ್ಪೆಯ ಹಳದಿ. ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ, ಊಟಕ್ಕೆ ಕೂತರೆ ರೊಟ್ಟಿಗೂ ಅದರ ಒಗರು ಅಂಟುತ್ತಿತ್ತು. ನಿಮ್ಮಲ್ಲಿ ಯಾರಾದರೂ ಉಣ್ಣೆಯ ನಡುವೆ ಬೆಳೆದವರಿದ್ದರೆ, ಬಿಸಿನೀರಲ್ಲಿ ನೆಂದ ಹಸಿ ಉಣ್ಣೆಯ ಆ ಜಿಡ್ಡುವಾಸನೆ ಈಗಲೂ ಮೂಗಿನಲ್ಲಿ ಇದ್ದೀತು.

ಪುಣೆಯಿಂದ ಹೊರಟು ದಿವೇಘಾಟ ಹತ್ತಿದ ಮೇಲೆ, ಸಾಸವಡ ಇನ್ನೂ ಒಂದು ಹರದಾರಿ ಇರುವಲ್ಲಿ ಆ ಕುರಿ ಫಾರ್ಮ್ ಇತ್ತು. ಪುಣೆಯ ಕ್ಯಾಂಪಿನಲ್ಲಿದ್ದ ಪಾರಸಿ ಬಾಯಿಸಾಹೇಬರು ಅದರ ಒಡತಿ. ಅಪ್ಪ ಧಾರವಾಡದ ಕಡೆಯವನು, ಕುರಿ ಕಾದ ಮನೆತನದವನು. ಕುರಿಯ ಕೆಮ್ಮು ಕೇಳಿಯೇ ರೋಗ ಹೇಳುತ್ತಾನೆ ಅಂತ ಯಾರೋ ಅಂದದ್ದಕ್ಕೆ ಬಾಯಿಸಾಹೇಬರು ಅವನನ್ನು ಕರೆಸಿಕೊಂಡಿದ್ದರು. ಬೆನ್ನ ಹಿಂದೆ ಅವ್ವ, ಅವ್ವನ ಕಂಕುಳಲ್ಲಿ ನಾನು ಬಂದಿದ್ದೆವು.

ಅವ್ವನಿಗೆ ನೂಲುವುದು, ಬಣ್ಣ ಹಾಕುವುದು ಊರಿಂದಲೇ ಬರುತ್ತಿತ್ತು. ಸೂಜಿ ಹಿಡಿದು ಹೆಣೆಯುವುದನ್ನು ಮಾತ್ರ ಬಾಯಿಸಾಹೇಬರು ಕಲಿಸಿದರು. ಸುಲಟ ಎರಡು, ಉಲಟ ಎರಡು, ಅಂದರೆ ಎರಡು ನೇರ ಕುಣಿಕೆ, ಎರಡು ತಿರುವು ಕುಣಿಕೆ. ಯುದ್ಧದಲ್ಲಿ ಉಕ್ಕಿನ ಸೂಜಿ ಸಿಗದಾದಾಗ ಅಪ್ಪ ಹರಿದ ಕೊಡೆಯ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ಸೂಜಿ ಮಾಡಿಕೊಟ್ಟ. ಸಿಪಾಯಿಗಳಿಗೆ ಕಾಲುಚೀಲ, ಕುತ್ತಿಗೆಪಟ್ಟಿ ಹೆಣೆಯಬೇಕು, ಎಲ್ಲ ಖಾಕಿ ಬಣ್ಣದಲ್ಲಿ. ಬಾಯಿಸಾಹೇಬರು ಮಿಲ್ಲಿನ ಖಾಕಿ ನೂಲಿನ ಒಂದು ಲಡಿ ತಂದು ತೋರಿಸಿ, "ಹೀಗೆ ಬೇಕು" ಅಂದಿದ್ದರು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, ಎಂಟು ದಿನ ಒಲೆಯ ಮುಂದೆ ಕೂತು, ದಾಳಿಂಬೆ ಸಿಪ್ಪೆ, ಅಳಲೆಕಾಯಿ, ಮೈಲುತುತ್ತ ಮೂರನ್ನೂ ಏನೇನೋ ಅಳತೆಯಲ್ಲಿ ಕೂಡಿಸಿ, ಮಿಲ್ಲಿನ ಖಾಕಿಯನ್ನೇ ನಾಚಿಸುವ ಖಾಕಿ ತೆಗೆದಳು. ಮೈಲುತುತ್ತ ಫಾರ್ಮಿನಲ್ಲಿ ಇದ್ದೇ ಇರುತ್ತಿತ್ತು. ಕುರಿಗಳ ಗೊರಸು ಕೊಳೆತರೆ ಅದನ್ನು ಕದಡಿದ ನೀರಲ್ಲಿ ಅವನ್ನು ನಡೆಸುತ್ತಿದ್ದರು. ನೀಲಿ ಕಲ್ಲುಸಕ್ಕರೆಯ ಹಾಗೆ ಹೊಳೆಯುವ ಅದು ಬಾಯಿಗೆ ಹೋದರೆ ವಿಷ.

ನನಗೆ ಆಗ ಒಂಬತ್ತು ವರ್ಷ. ಆ ಚಳಿಗಾಲದಲ್ಲಿ ದೊಡ್ಡಿಯಲ್ಲಿ ನಲವತ್ತರ ಹತ್ತಿರ ಮರಿಗಳಿದ್ದವು. ಅವುಗಳಲ್ಲಿ ಒಂದು ನನ್ನದು. ಅದರ ತಾಯಿ ಈಯುವಾಗಲೇ ಸತ್ತಿತ್ತು. ಸೀಸೆಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಆಡಿನ ಹಾಲು ಕುಡಿಸಿ ನಾನೇ ಬೆಳೆಸಿದ್ದೆ. ಹಣೆಯ ಮೇಲೆ ಬಿಳಿ ಮಚ್ಚೆ ಇದ್ದದ್ದಕ್ಕೆ ಚಂದ್ರಿ ಅಂತ ಹೆಸರು. ನಾನು ಅಂಗಳದಲ್ಲಿ ಕುಂಟಬಿಲ್ಲೆ ಆಡಿದರೆ ಅದೂ ನಾಲ್ಕು ಕಾಲಲ್ಲಿ ಮನೆಯಿಂದ ಮನೆಗೆ ಜಿಗಿಯುತ್ತಿತ್ತು.

ಅದು ಶುಕ್ರವಾರ. ಭಾನುವಾರ ಬಾಯಿಸಾಹೇಬರು ಮೋಟಾರಿನಲ್ಲಿ ಬಂದು ಮಾಲು ಒಯ್ಯುವವರಿದ್ದರು. ಅವ್ವ ಕೊನೆಯ ಉಣ್ಣೆಯನ್ನು ಬಣ್ಣದಿಂದ ಎತ್ತಿ ಬೇಲಿಗೆ ಹರವುತ್ತ, ಎರಡು ಬಕೇಟು ತೋರಿಸಿದಳು.

"ಗಂಗೂ, ಇದು ಮೈಲುತುತ್ತದ ನೀರು. ಜಾಲಿಗಿಡದ ಆಚೆ ತೆಗ್ಗಿಗೇ ಚೆಲ್ಲಬೇಕು. ನಡುವ ಎಲ್ಲೂ ಇಳಿಸಬ್ಯಾಡ."

"ಗೊತ್ತದ ಬಿಡವಾ."

ಮೊದಲನೆಯ ಬಕೇಟನ್ನು ತೆಗ್ಗಿಗೇ ಚೆಲ್ಲಿ ಬಂದೆ. ಎರಡನೆಯದನ್ನು ಎತ್ತಿಕೊಂಡು ದೊಡ್ಡಿಯ ಹಿಂಭಾಗಕ್ಕೆ ಬರುವಷ್ಟರಲ್ಲಿ ತೋಳು ಕಿತ್ತುಬರುತ್ತಿತ್ತು. ಒಳಗೆ ಚಂದ್ರಿ ಹಾಲಿಗೆ ಅರಚುತ್ತಿತ್ತು. ಅಲ್ಲೊಂದು ಹಾಸುಗಲ್ಲು, ಅದರಲ್ಲಿ ಬುಟ್ಟಿಯಷ್ಟು ಅಗಲದ, ಆಳದ ಕುಳಿ, ಒಣಗಿ ಬಿದ್ದಿತ್ತು. ಬಿಸಿಲಿಗೆ ಆರಿಹೋಗುತ್ತದೆ ಅಂದುಕೊಂಡು ಅದರಲ್ಲಿ ಸುರಿದುಬಿಟ್ಟೆ.

ಆ ಹೊತ್ತಿಗೆ ನೀರಿನ ತೊಟ್ಟಿಯ ಹತ್ತಿರ ಬಿರೂ ಆಜಾ ತನ್ನ ಹಿಂಡಿಗೆ ನೀರು ಕುಡಿಸುತ್ತಿದ್ದ. ಅವನು ಧನಗರ, ಅಂದರೆ ಮರಾಠಿ ಕುರುಬ, ಪ್ರತಿ ವರ್ಷ ಜೇಜುರಿಯ ಕಡೆ ಹೋಗುವಾಗ ನಮ್ಮಲ್ಲಿ ತಂಗುವ ಮುದುಕ. ಖಂಡೋಬನ ಅರಿಶಿನ ಚೀಲದಲ್ಲಿ ಇಟ್ಟುಕೊಂಡು ಬಂದು ನಮ್ಮೆಲ್ಲರ ಹಣೆಗೆ ಹಚ್ಚುತ್ತಿದ್ದ. ಅಪ್ಪ ಅದನ್ನು ನಮ್ಮ ಮೈಲಾರಲಿಂಗನ ಭಂಡಾರ ಅಂತಲೇ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಸಂಜೆಗೆ ಮೊದಲೇ ಹಿಂಡು ಹೊಡೆದುಕೊಂಡು ಮುದುಕ ಸಾಸವಡದ ದಾರಿ ಹಿಡಿದ. ಅವನು ಹೋದ ಮೇಲೆ ಅಪ್ಪ ಎಂದಿನಂತೆ ಮರಿಗಳನ್ನು ದೊಡ್ಡಿಯ ಹಿತ್ತಲಿಗೆ ಕುಣಿಯಲು ಬಿಟ್ಟ. ಬಣ್ಣದ ನೀರಿಗೆ ಅವ್ವ ಉಪ್ಪನ್ನೂ ಹಾಕಿರುತ್ತಾಳೆ, ಉಪ್ಪು ಎಲ್ಲಿದ್ದರೂ ಮರಿಗಳು ಹುಡುಕಿಕೊಂಡು ಹೋಗಿ ನೆಕ್ಕುತ್ತವೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಶನಿವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದು ಅಪ್ಪನ ಕೂಗಿಗೆ. ದೊಡ್ಡಿಗೆ ಓಡಿದೆ. ಎರಡು ಮರಿ ಸತ್ತು ಸೆಟೆದಿದ್ದವು. ಏಳೆಂಟು ಮರಿ ಹೊಟ್ಟೆ ಎಳೆದುಕೊಂಡು, ಕುತ್ತಿಗೆ ನೀಡಿಕೊಂಡು ಮಲಗಿದ್ದವು. ಅವು ಕಕ್ಕಿದ್ದು, ಹಿಕ್ಕೆ ಹಾಕಿದ್ದು ಎಲ್ಲ ನೀಲಿಹಸಿರು. ನೋಡಿದ ಕ್ಷಣವೇ ನನಗೆ ಗೊತ್ತಾಯಿತು.

ಅವ್ವ ನನ್ನ ಭುಜ ಹಿಡಿದು ಕೇಳಿದಳು. "ನಿನ್ನೆ ನೀರು ಎಲ್ಲಿ ಚೆಲ್ಲಿದಿ?"

"ತೆಗ್ಗಿಗೆ."

"ಎರಡೂ?"

"ಎರಡೂ."

ಅವ್ವ ನನ್ನ ಮುಖ ನೋಡಿದಳು, ಭುಜ ಬಿಟ್ಟಳು. ನಂಬಿಬಿಟ್ಟಳು. ಹೊಡೆದಿದ್ದರೆ ಬಾಯಿ ಬಿಡುತ್ತಿದ್ದೆನೇನೋ.

ಅಪ್ಪ ಪುಣೆಗೆ ಹೇಳಿಕಳಿಸಿದ. ಮೋಟಾರಿನಲ್ಲಿ ದನದ ಡಾಕ್ಟರು ಬಂದರು. ಟೋಪಿ, ಕನ್ನಡಕ, ನಗದ ಮುಖ. ಸತ್ತ ಮರಿಯ ಹೊಟ್ಟೆ ಕೊಯ್ದು ನೋಡಿ, ಹೊರಗಿನ ಕುರಿಗಳೇನಾದರೂ ಬಂದಿದ್ದವೇ ಅಂತ ಮರಾಠಿಯಲ್ಲಿ ಕೇಳಿದರು. ಸುಳ್ಳು ಹೇಳಲು ಬಾರದ ಅಪ್ಪ ಬಿರೂ ಆಜಾನ ಹೆಸರು ಹೇಳಿದ. ಡಾಕ್ಟರು ಕೈ ತೊಳೆಯುತ್ತ ತೀರ್ಪು ಕೊಟ್ಟರು. ಇದು ಹೊರಗಿಂದ ಬಂದ ಅಂಟುರೋಗ. ಧನಗರನ ಹಿಂಡನ್ನು ತಡೆದು ತರಬೇಕು. ಆ ಹಿಂಡನ್ನೂ ಈ ದೊಡ್ಡಿಯ ಮರಿಗಳನ್ನೂ ಇವತ್ತೇ ಮುಗಿಸಿ, ಸುಣ್ಣ ಹಾಕಿ ಹುಗಿಯಬೇಕು. ಇಲ್ಲದಿದ್ದರೆ ತಾಲೂಕಿನ ಕುರಿ ಒಂದೂ ಉಳಿಯುವುದಿಲ್ಲ.

"ಎಲ್ಲಾನೂ ಏನ್ರಿ? ಚಲೋ ಇದ್ದವನ್ನೂ?" ಅಪ್ಪ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದ. ಡಾಕ್ಟರು ಆಗಲೇ ಗಡಿಯಾರ ನೋಡುತ್ತಿದ್ದರು.

ಆಳುಗಳು ಜಾಲಿಗಿಡಗಳ ಹತ್ತಿರ ಗುಂಡಿ ತೋಡತೊಡಗಿದರು. ಗುದ್ದಲಿ ಕಲ್ಲಿಗೆ ಬಡಿದಾಗಲೆಲ್ಲ ನನ್ನ ಹಲ್ಲಿನಲ್ಲಿ ಅದು ಕೇಳುತ್ತಿತ್ತು. ಒಂದು ಗಾಡಿ ಸುಣ್ಣ ಬಂದು ನಿಂತಿತು. ಮಧ್ಯಾಹ್ನದ ಬಿಸಿಲು ಇಳಿಯುವಷ್ಟರಲ್ಲಿ ಇಬ್ಬರು ಪೊಲೀಸರು ಬಿರೂ ಆಜಾನನ್ನು ಹಿಂಡಿನ ಸಮೇತ ತಂದರು. ಅವನ ತಲೆಯ ಪಾಗೋಟೆ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು.

"ಮಾಝೀ ಮೇಂಢರಂ ಚಾಂಗಲೀ ಆಹೇತ, ಸಾಹೇಬ," ಅಂದ. ನನ್ನ ಕುರಿ ಚೆನ್ನಾಗಿವೆ, ನೀವೇ ನೋಡಿ ಅನ್ನುವಂತೆ ಒಂದೊಂದನ್ನೇ ಹಿಡಿದು ಬಾಯಿ ತೆರೆದು ತೋರಿಸಿದ. ಯಾರೂ ನೋಡಲಿಲ್ಲ. ಆಮೇಲೆ ಅವನು ಹಿಂಡಿನ ನಡುವೆ ನೆಲದ ಮೇಲೆ ಕೂತ, ಒಂದು ಮುದಿ ಕುರಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು.

ನಾನು ದೊಡ್ಡಿಗೆ ಓಡಿದೆ. ಚಂದ್ರಿ ಗೋಡೆಗೆ ಒರಗಿ ಮಲಗಿ ಹಲ್ಲು ಕಡಿಯುತ್ತಿತ್ತು. ಸೀಸೆ ಹಿಡಿದರೆ ಮುಖ ತಿರುಗಿಸಿತು. ಹಲ್ಲು ಕಡಿಯುವ ಆ ಕಟಕಟ ಸದ್ದು, ಹೊರಗೆ ಗುದ್ದಲಿಯ ಸದ್ದು. ತಡೆಯಲಾಗಲಿಲ್ಲ. ಬಣ್ಣದ ಒಲೆಯ ಹತ್ತಿರ ಸುಮ್ಮನೆ ನಿಂತಿದ್ದ ಅವ್ವನ ಸೀರೆಯಲ್ಲಿ ಮುಖ ಹುದುಗಿಸಿದೆ.

"ಅವ್ವಾ, ಒಂದ ಬಕೇಟು ತೆಗ್ಗಿಗೆ ಒಯ್ಯಲಿಲ್ಲ. ಹಾಸುಗಲ್ಲಿನ ಕುಳಿಯಾಗ ಚೆಲ್ಲೀನಿ."

ಬೈಯುತ್ತಾಳೆ ಅಂತ ಕಾದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು ಹಾಸುಗಲ್ಲಿನ ಹತ್ತಿರ ನಡೆದಳು. ಕುಳಿಯಲ್ಲಿ ಎರಡು ಬೊಗಸೆಯಷ್ಟು ನೀರು ಉಳಿದಿತ್ತು, ಸುತ್ತ ಮರಿಗಳ ಗೊರಸಿನ ಗುರುತು. ಬೆರಳದ್ದಿ ನಾಲಿಗೆಗೆ ಹಚ್ಚಿ ಥೂ ಅಂತ ಉಗುಳಿದಳು. ಅಲ್ಲಿಂದ ನೆಟ್ಟಗೆ ಡಾಕ್ಟರ ಮುಂದೆ ಹೋಗಿ ನಿಂತಳು. ಗಂಡಸರ ಮುಂದೆ ಸೆರಗು ಹೊದ್ದು ಗೋಡೆಯ ಮರೆಯಲ್ಲೇ ಮಾತಾಡುತ್ತಿದ್ದವಳು.

"ಇದು ರೋಗ ಅಲ್ಲರಿ, ವಿಷ. ಬಣ್ಣದ ನೀರು. ನಾನು ಚೆಲ್ಲೀನಿ," ಅಂದಳು. ಅರ್ಧ ಮರಾಠಿ, ಅರ್ಧ ಕನ್ನಡ.

ನಾನು ಬಾಯಿ ತೆರೆದೆ. ಮಣಿಕಟ್ಟಿನ ಮೇಲಿನ ಅವಳ ಹಿಡಿತ ಬಿಗಿಯಾಯಿತು. ತೆರೆದ ಬಾಯಿ ಮುಚ್ಚಿದೆ.

ಡಾಕ್ಟರು ಮುಖ ಗಂಟಿಕ್ಕಿದರು. ಓದುಬರಹ ಬಾರದ ಹೆಂಗಸು ನನಗೆ ರೋಗ ಕಲಿಸುತ್ತಾಳೆ ಅಂದರು. ಮುದುಕನನ್ನು ಉಳಿಸಲು ಕತೆ ಕಟ್ಟುತ್ತಿದ್ದಾಳೆ ಅಂತ ಅಪ್ಪನ ಮೇಲೆ ರೇಗಿದರು. ಅಪ್ಪ ಅವ್ವನನ್ನೇ ನೋಡುತ್ತಿದ್ದ.

"ಒಂದ ಸಲ ಬಂದು ನೋಡ್ರಿ. ಆಮ್ಯಾಲೆ ಏನ ಬೇಕಾದ್ದು ಮಾಡ್ರಿ," ಅವ್ವ ದಾರಿ ಬಿಡಲಿಲ್ಲ.

ಬಾಯಿಸಾಹೇಬರ ಫಾರ್ಮ್ ಅಂತಲೋ ಏನೋ ಡಾಕ್ಟರು ಗೊಣಗುತ್ತ ಬಂದರು. ಅವ್ವ ತುರುಬಿನಲ್ಲಿ ಸಿಕ್ಕಿಸಿಕೊಂಡಿದ್ದ ಕೊಡೆಕಡ್ಡಿಯ ಸೂಜಿ ತೆಗೆದು, ಕಲ್ಲಿಗೆ ನಾಲ್ಕು ಸಲ ತಿಕ್ಕಿ ಹೊಳಪು ಬರಿಸಿ, ಕುಳಿಯ ನೀರಿಗೆ ಅದ್ದಿ ಹಿಡಿದಳು. ಎಲ್ಲರೂ ಬಗ್ಗಿ ನಿಂತರು. ಗುದ್ದಲಿಯ ಸದ್ದು ನಿಂತಿತ್ತು. ಎಷ್ಟು ಹೊತ್ತು ಕಳೆಯಿತೋ, ನನಗಂತೂ ಒಂದು ದಿನದಷ್ಟಾಯಿತು. ಅವಳು ಸೂಜಿ ಎತ್ತಿದಾಗ ಅದ್ದಿದಷ್ಟು ಭಾಗ ಹೊಸ ತಾಮ್ರದ ತಂಬಿಗೆಯ ಹಾಗೆ ಕೆಂಪಗಿತ್ತು.

"ಮೈಲುತುತ್ತ ಇದ್ದರ ಕಬ್ಬಿಣಕ್ಕ ತಾಮ್ರ ಹಿಡೀತದರಿ," ಅಂದಳು.

ಡಾಕ್ಟರು ಸೂಜಿ ಇಸಿದುಕೊಂಡು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಉಗುರಿನಿಂದ ಕೆರೆದರು. ಹಾಲು ತನ್ನಿ, ಮೊಟ್ಟೆ ತನ್ನಿ, ಬಿಳಿಯ ಭಾಗ ಮಾತ್ರ ಅಂತ ಕೂಗಿದರು. ಕೋಟು ತೆಗೆದೆಸೆದು ತಾವೇ ದೊಡ್ಡಿಯಲ್ಲಿ ಮೊಣಕಾಲೂರಿ ಕೂತರು. ಅಷ್ಟು ಹೊತ್ತು ಕಲ್ಲಿನಂತೆ ಕಂಡ ಮನುಷ್ಯ ಒಂದೊಂದು ಮರಿಯ ದವಡೆ ಮೆಲ್ಲಗೆ ಬಿಡಿಸಿ ಹಾಲು ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಪೊಲೀಸರು ಹೊರಟುಹೋದರು.

ಬಿರೂ ಆಜಾ ಪಾಗೋಟೆ ಸುತ್ತಿಕೊಂಡು ಎದ್ದ. ಹೋಗುವ ಮುಂಚೆ ಅವ್ವನ ಎದುರು ಬಂದು ಸಣ್ಣ ದನಿಯಲ್ಲಿ, "ಪೋರೀಲಾ ಮಾರೂ ನಕೋ, ಬಾಯಿ," ಅಂದ. ಹುಡುಗಿಗೆ ಹೊಡೆಯಬೇಡ. ತೊಟ್ಟಿಯ ಹತ್ತಿರ ನಿಂತಿದ್ದ ಅವನು ಹಿಂದಿನ ದಿನ ನನ್ನನ್ನೂ ನನ್ನ ಬಕೇಟನ್ನೂ ಕಂಡಿದ್ದ. ಅದು ಎಂಥ ನೀರು ಅಂತ ಸೂಜಿ ಕೆಂಪಾಗುವವರೆಗೆ ಅವನಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಅಷ್ಟು ಜನರ ಮುಂದೆ, ಅವನು ತುಟಿ ಬಿಚ್ಚಿರಲಿಲ್ಲ.

ಒಟ್ಟು ಐದು ಮರಿ ಸತ್ತವು. ಅರ್ಧ ತೋಡಿದ ಗುಂಡಿಯಲ್ಲೇ ಅವನ್ನು ಹುಗಿದರು. ಚಂದ್ರಿ ಬದುಕಿತು. ಮೂರನೆಯ ದಿನ ನನ್ನ ಬೆರಳು ಚೀಪಿತು. ಆ ಐದರಲ್ಲಿ ಅದೂ ಒಂದಾಗಿದ್ದರೆ ಅತ್ತು ಹಗುರಾಗುತ್ತಿದ್ದೆ. ಅದು ಬದುಕಿದ್ದಕ್ಕೆ ಸಂತೋಷಪಟ್ಟಾಗಲೆಲ್ಲ, ಮರಿ ಕಳೆದುಕೊಂಡು ದೊಡ್ಡಿಯ ಬಾಗಿಲಿಗೆ ಬಂದು ಕೂಗುತ್ತಿದ್ದ ಐದು ತಾಯಿಕುರಿಗಳು ಕಣ್ಣ ಮುಂದೆ ನಿಲ್ಲುತ್ತಿದ್ದವು.

ಭಾನುವಾರ ಬಾಯಿಸಾಹೇಬರು ಬಂದರು. ಕೂಗಾಡಲಿಲ್ಲ. ಗುಂಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಅವ್ವನನ್ನು ಕರೆದು, ಇನ್ನು ಮೇಲೆ ಫಾರ್ಮಿನಲ್ಲಿ ಬಣ್ಣದ ಕೆಲಸ ಬೇಡ, ಬಣ್ಣ ಹಾಕಿದ ನೂಲು ಮಿಲ್ಲಿನಿಂದ ಬರುತ್ತದೆ, ನೀನು ಹೆಣೆದರೆ ಸಾಕು ಅಂದರು. ಅವ್ವ "ಹೌದ್ರಿ" ಅಂದಳು. ಆಳುಗಳ ಹೆಂಡಂದಿರು ಅವಳನ್ನು ಮರಿ ಕೊಂದವಳು ಅಂತ ಎಷ್ಟೋ ದಿನ ಆಡಿಕೊಂಡರು. ಅವಳು ಬಣ್ಣ ಕುದಿಸುವ ತಾಮ್ರದ ಹಂಡೆ ಬೆಳಗಿ ಅಟ್ಟಕ್ಕೆ ಏರಿಸಿದಳು. ಎರಡು ತಿಂಗಳಲ್ಲಿ ಅವಳ ಕೈ ಎಲ್ಲರ ಕೈಯ ಹಾಗಾಯಿತು. ಆ ಕೈ ಯಾರದ್ದೋ ಅನಿಸುತ್ತಿತ್ತು ನನಗೆ. ನನ್ನನ್ನು ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಆ ದಿನದ ಮಾತನ್ನೇ ಎಂದೂ ಎತ್ತಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಯುದ್ಧ ಮುಗಿದು, ಸ್ವಾತಂತ್ರ್ಯ ಬರುವ ಹೊತ್ತಿಗೆ ಬಾಯಿಸಾಹೇಬರು ಕುರಿಗಳನ್ನು ಮಾರಿದರು. ನಾವು ಪುಣೆಯ ಪೇಟೆಯೊಳಗೆ ಬಾಡಿಗೆ ಕೋಣೆಗೆ ಬಂದೆವು. ಈಗ ಅಪ್ಪನಿಲ್ಲ, ಅವ್ವನಿಲ್ಲ. ಸುಲಟ, ಉಲಟ ನನ್ನ ಕೈಯಲ್ಲಿದೆ, ಮೊಮ್ಮಕ್ಕಳಿಗೆಲ್ಲ ಸ್ವೆಟರು ಹೆಣೆದಿದ್ದೇನೆ. ಅಂಗಡಿಯಲ್ಲಿ ನೂರು ಬಣ್ಣದ ಉಂಡೆಗಳಿವೆ. ಬೆಟ್ಟದ ಮೇಲಿನ ಒಣಹುಲ್ಲು ಬೆಳಗಿನ ಬಿಸಿಲಲ್ಲಿ ಕಾಣುವಂಥ ಆ ಖಾಕಿ ಮಾತ್ರ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ.

ಅದಕ್ಕೆ ಬೀಳುವ ಮೂರು ವಸ್ತು ಗೊತ್ತು. ಯಾವುದು ಮೊದಲು, ಯಾವುದು ಎಷ್ಟು, ಒಲೆಯಿಂದ ಯಾವಾಗ ಇಳಿಸಬೇಕು, ಅದೊಂದೂ ಗೊತ್ತಿಲ್ಲ. ಅವ್ವನ ಜೊತೆ ಆಮೇಲೆ ಮೂವತ್ತು ವರ್ಷ ಇದ್ದೆ. ಪಕ್ಕದಲ್ಲಿ ಕೂತು ಹೆಣೆದೆವು, ಜಗಳಾಡಿದೆವು, ನಕ್ಕೆವು. ಒಂದು ಮಾತು ಕೇಳಿದ್ದರೆ ಹೇಳಿಕೊಡುತ್ತಿದ್ದಳು. ಬಣ್ಣದ ಮಾತು ತೆಗೆದರೆ ಆ ಶನಿವಾರದ ಮಾತು ಬರುತ್ತಿತ್ತು. ನಾನು ಕೇಳಲಿಲ್ಲ.