ಕಿಟಕಿ ಮುಚ್ಚಿಸುತ್ತಿದ್ದ ಬೆರಿಲ್ ಅವರಿಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗೋಧಿ ಸೀಮೆಯ ನಮ್ಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದು, ಮಕ್ಕಳ ಉಸಿರನ್ನು ಕಾಯುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಹಿರಿಯರೆನಿಸಿ, ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಬೆರಿಲ್ ಟಕ್‌ವೆಲ್ ಅವರ ಬಗ್ಗೆ ಬರೆಯಲು ಆಟದ ಮೇಷ್ಟ್ರಾದ ನಾನು ಸಂತೋಷದಿಂದಲೇ ಒಪ್ಪಿದೆ. ಕುಳಿತ ಮೇಲೆ ತಲೆ ಕೆರೆದುಕೊಳ್ಳುವಂತಾಗಿದೆ. ಅವರ ಸಾಧನೆಯೆಲ್ಲ ಆಗದೆ ಹೋದ ಸಂಗತಿಗಳು. ಅವನ್ನು ಬಣ್ಣಿಸುವುದು ಹೇಗೆ?

ಸೇರಿದ ವರ್ಷವೇ, ಆಗಸ್ಟ್ ಕೊನೆಯಲ್ಲಿ, ರೈ ಹುಲ್ಲು ಹೂಬಿಡುವ ಮೊದಲೇ, ಆಸ್ತಮಾ ಇದ್ದ ಪ್ರತಿ ಮಗುವಿನ ಮನೆಗೂ ಅವರು ಫೋನ್ ಮಾಡಿದರು.

"ಚೆನ್ನಾಗೇ ಇದಾನಲ್ಲ, ಔಷಧಿ ಯಾಕೆ?" ಎಂದವರಿಗೆ, "ಚೆನ್ನಾಗಿರ್ಲಿ ಅಂತಾನೇ. ಡಾಕ್ಟರ್ ಹೇಳಿದ ಹಾಗೆ ದಿನಾ ಎಳೀಲಿ," ಎನ್ನುತ್ತಿದ್ದರು.

ನಮ್ಮಲ್ಲಿ ವಸಂತ ಮುಗಿಯುವ ನವೆಂಬರಿನಲ್ಲಿ ಗಾಳಿಯ ತುಂಬ ಹೂಧೂಳಿದ್ದು, ಗುಡುಗಿನ ಮುನ್ಸೂಚನೆಯೂ ಇದ್ದರೆ ಎಲ್ಲರೂ ಒಳಗೆ, ಕಿಟಕಿಗಳು ಬಂದ್. ಗುಡುಗುಗಾಳಿ ಹೂಧೂಳನ್ನು ಒಡೆದು ನುಣ್ಣಗೆ ಮಾಡಿ ಎದೆಯೊಳಕ್ಕೆ ಇಳಿಸುತ್ತದೆ ಎನ್ನುತ್ತಿದ್ದರು ಬೆರಿಲ್. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಇವ್ರೇನು ಸಕ್ಕರೆ ಗೊಂಬೆಗಳಾ ಬೆರಿಲ್, ಕರಗೋಕೆ?"

"ನಿಮ್ಮ ಓಟ ನಾಳೆ ಓಡಿಸಿ ಮರ್ವಿನ್. ಈಗ ಒಳಗೆ ನಡೀರಿ."

ಎಷ್ಟೋ ಸಲ ನಾಲ್ಕು ಹನಿಯೂ ಬೀಳಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಕ್ರೀಡಾ ದಿನವೂ ಹಾಗೇ ಆದೀತೆಂದುಕೊಂಡು, ಎಲ್ಲರೂ ಒಳಗೆ ಹೋದ ಮೇಲೆ ನನ್ನ ಮಗಳು ಟ್ಯಾಮ್ಸಿನ್‌ಳನ್ನು ಕರೆದುಕೊಂಡು ಮೈದಾನದ ಸಾಮಾನು ಎತ್ತಿಡಲು ಹೋದೆ. ಅವಳಿಗೆ ಆಸ್ತಮಾ ಇರಲಿಲ್ಲ. ವಸಂತದಲ್ಲಿ ಸೀನುತ್ತಿದ್ದಳು, ಅಷ್ಟೇ. ಗಾಳಿ ಎದ್ದಿತು, ದೂರದಲ್ಲಿ ಗುಡುಗಿತು. ಸ್ವಲ್ಪ ಹೊತ್ತಿನಲ್ಲೇ ಅವಳು ಎದೆ ಹಿಡಿದುಕೊಂಡು ಒಂದು ಪದ ಆಡಲೂ ಒದ್ದಾಡತೊಡಗಿದಳು. ನಾನು ಮರದ ಹಾಗೆ ನಿಂತುಬಿಟ್ಟೆ.

ಬೆರಿಲ್ ನೀಲಿ ಇನ್‌ಹೇಲರ್, ಪ್ಲಾಸ್ಟಿಕ್ ಕೊಳವೆ ಹಿಡಿದು ಓಡಿಬಂದರು. "ನೆಟ್ಟಗೆ ಕೂರು ಪುಟ್ಟಿ. ಮರ್ವಿನ್, ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ. ಆಮೇಲೆ ಅಳೋರಂತೆ."

ಒಂದೊಂದೇ ಒತ್ತು, ಪ್ರತಿ ಒತ್ತಿಗೂ ನಾಲ್ಕು ಉಸಿರು. ಹೀಗೆ ನಾಲ್ಕು ಒತ್ತು, ನಾಲ್ಕು ನಿಮಿಷ ಕಾಯುವುದು, ಮತ್ತೆ ಮೊದಲಿನಿಂದ. ಆಂಬುಲೆನ್ಸ್ ಬರುವ ಹೊತ್ತಿಗೆ ಟ್ಯಾಮ್ಸಿನ್ ಪೂರ್ತಿ ಒಂದು ಮಾತು ಆಡಿದಳು: "ಅಪ್ಪಾ, ನಿನ್ನ ಮುಖ ಯಾಕೆ ಹಿಂಗೆ ಬಿಳುಚ್ಕೊಂಡಿದೆ?"

"ಅವಳಿಗೆ ಆಸ್ತಮಾನೇ ಇರ್ಲಿಲ್ವಲ್ಲ!" ಎಂದು ನಾನು ಆಮೇಲೂ ಅದನ್ನೇ ಬಡಬಡಿಸುತ್ತಿದ್ದೆ.

"ನಿಮ್ಮ ಹಾಜರಿ ಪುಸ್ತಕ ನೋಡ್ಕೊಂಡು ಬರುತ್ತಾ ಅದು? ಯಾರಿಗೆ ಅಂತ ನಂಗೂ ಗೊತ್ತಿರಲ್ಲ ಮರ್ವಿನ್. ಅದಕ್ಕೇ ಎಲ್ಲರನ್ನೂ ಒಳಗೆ ಕರೆಯೋದು."

ಹಾಗಾದರೆ ನಾನು ಗೊಣಗಿದ ಆ ದಿನಗಳಲ್ಲಿ ಒಳಗಿದ್ದುದರಿಂದ ಪಾರಾದವರು ಯಾರು? ಯಾರೂ ಅಲ್ಲವೋ, ಹತ್ತು ಮಂದಿಯೋ? ಇಂದಿಗೂ ನನಗೆ ಬಗೆಹರಿದಿಲ್ಲ.

ಈ ನವೆಂಬರಿನಲ್ಲಿ ಅವರು ರಜೆಯಲ್ಲಿದ್ದಾಗ ಕಿಟಕಿ ಮುಚ್ಚಿಸಿದವನು ನಾನು. "ಎಲ್ಲಿ ಮಾರಾಯ ನಿನ್ನ ಮಳೆ?" ಎಂದು ತಂದೆಯೊಬ್ಬರು ರೇಗಿದರು. ಬೆರಿಲ್‌ಗೆ ಫೋನ್ ಮಾಡಿದೆ.

"ಏನಾಯ್ತು?"

"ಏನೂ ಆಗ್ಲಿಲ್ಲ."

"ಸದ್ಯ," ಎಂದು ಫೋನ್ ಇಟ್ಟರು.

ಬೆರಿಲ್ ಅವರು ತುಂಬು ಆರೋಗ್ಯದಿಂದ ಬಹುಕಾಲ ಬಾಳಲಿ, ಬೇಸರವಾದಾಗಲೆಲ್ಲ ಬಂದು ನಮ್ಮನ್ನು ಒಳಗಟ್ಟಲಿ. ಟ್ಯಾಮ್ಸಿನ್ ಪರವಾಗಿ ನಾನು ಕೃತಜ್ಞ. ಇನ್ನು ಯಾರ್‍ಯಾರ ಪರವಾಗಿ ಹೇಳಬೇಕೋ ತಿಳಿಯದು. ಆದ್ದರಿಂದ ಎಲ್ಲ ಮಕ್ಕಳ ಪರವಾಗಿಯೂ ಹೇಳುತ್ತಿದ್ದೇನೆ.