ಕೂರಿಸಿ ಮಾಡುವ ಕ್ಷೌರ

ಬೆಳಗಾವಿಯ ಹಿಂದವಾಡಿಯಲ್ಲಿರುವ ಗುರುಪುತ್ರಪ್ಪ ಹಡಪದನ ಸಲೂನಿಗೆ ಮಂಗಳವಾರ ಸೂಟಿ. ಸೂಟಿಯ ದಿನ ಬೇರೆಯವರಾದರೆ ಹೊತ್ತೇರುವವರೆಗೆ ಮಲಗುತ್ತಾರೆ, ಇಲ್ಲವೇ ಹೆಂಡತಿಯನ್ನು ಕರೆದುಕೊಂಡು ಎಲ್ಲಾದರೂ ಸುತ್ತಾಡಿ ಬರುತ್ತಾರೆ. ಈ ಪುಣ್ಯಾತ್ಮ ಮಾತ್ರ ಕತ್ತರಿ, ಉಸ್ತರಾ, ಟ್ರಿಮ್ಮರ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ರಾಮತೀರ್ಥ ನಗರದ ಮನೆಯಿಂದ ಹೊರಬಿದ್ದು ಖಾನಾಪುರದ ಬಸ್ಸು ಹತ್ತುತ್ತಾನೆ. ಅಲ್ಲಿ ಹಾಸಿಗೆ ಹಿಡಿದ ಮುದುಕರ ಮನೆಗಳಿಗೆ ಹೋಗಿ ಕೂದಲು ಕತ್ತರಿಸಿ, ದಾಡಿ ಮಾಡಿ, ಉಗುರು ತೆಗೆದು ಬರುತ್ತಾನೆ. ಎಲ್ಲವೂ ಪುಕ್ಕಟೆ. ಚಹಾ ಕೊಟ್ಟರೆ ಕುಡಿಯುತ್ತಾನೆ, ಕೊಡದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಕುಡಿಯುತ್ತಾನೆ.

"ವಾರಾ ಪೂರಾ ನಿಂತು ನಿಂತು ಕಾಲು ಬಾತಿರ್ತಾವ. ಸೂಟಿ ದಿನಾನೂ ಮತ್ತ ಅದ ಕೆಲಸಾ?" ಎಂದು ಹೆಂಡತಿ ಸಪ್ನಾ ಬೈಯುತ್ತಾಳೆ. ಬೈಯುತ್ತಲೇ ರೊಟ್ಟಿ ಕಟ್ಟಿ ಕೊಡುತ್ತಾಳೆ. ತಾಯಿ ನಿಂಗವ್ವನ ಸಿಟ್ಟು ಬೇರೆ ತರಹದ್ದು. "ಆ ಊರಾಗ ನಿಂದೇನು ಇಟ್ಟೈತೋ ಯಪ್ಪಾ? ಸೇವಾ ಮಾಡೂದಿದ್ರ ಬೆಳಗಾವ್ಯಾಗ ಮುದುಕರು ಇಲ್ಲೇನು?" ಎನ್ನುತ್ತಾಳೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ.

ಅವಳ ಪ್ರಶ್ನೆಗೆ ಉತ್ತರ ಇಲ್ಲವೆಂದಲ್ಲ. ಇದೆ, ಆದರೆ ತಾಯಿಯ ಮುಂದೆ ಹೇಳುವಂಥದ್ದಲ್ಲ.

ಖಾನಾಪುರದಲ್ಲಿ ಅವನ ಅಪ್ಪ ಮನೆಮನೆಯ ಕಟ್ಟೆಯ ಮೇಲೆ ಕೂತು ಊರವರ ಕ್ಷೌರ ಮಾಡುತ್ತಿದ್ದ. ಹೊಸ್ತಿಲು ದಾಟಿ ಒಳಗೆ ಬಾ ಎಂದು ಯಾರೂ ಕರೆದವರಲ್ಲ. ಮಗ ಸಾಲಿಗೆ ಹೋದರೆ ಅಲ್ಲೂ ಅದೇ ಕತೆ. ಅವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ಹಿಂದಿನ ಬೆಂಚಿನ ಹುಡುಗರು ಎರಡು ಬೆರಳನ್ನು ಕತ್ತರಿ ಮಾಡಿ ಗಾಳಿಯಲ್ಲಿ ಆಡಿಸುತ್ತಿದ್ದರು. "ಕಚಕ್, ಕಚಕ್!" ಮಾಸ್ತರರು ಬೋರ್ಡಿನ ಕಡೆ ತಿರುಗಿದರೆ ಸಾಕು, ಮತ್ತೆ "ಕಚಕ್!" ಅವನ ಚೀಲದಲ್ಲಿ ಎಲ್ಲಿಂದಲೋ ಗುಡಿಸಿ ತಂದ ಕೂದಲು ತುಂಬುತ್ತಿದ್ದರು. ಅವರಿಗೆಲ್ಲ ಗಜಾನನ ಮುಂದಾಳು. ಅಪ್ಪನದು ಹಂಚಿನ ವ್ಯಾಪಾರ, ಮೈಯಲ್ಲಿ ಕಸುವು, ಬಾಯಲ್ಲಿ ಸದಾ ನಗು. ಆ ವಯಸ್ಸಿನ ಹುಡುಗರಿಗೆ ಇನ್ನೇನು ಬೇಕು, ಅವನೇ ರಾಜ.

ಗುರುಪುತ್ರ ಅವನನ್ನು ದ್ವೇಷಿಸಬೇಕಿತ್ತು. ನೀವೂ ನಾವೂ ಆಗಿದ್ದರೆ ಅದನ್ನೇ ಮಾಡುತ್ತಿದ್ದೆವು. ಈ ಹುಚ್ಚಪ್ಪನಿಗೆ ಮಾತ್ರ ಗಜಾನನನ ಗೆಳೆತನ ಬೇಕಿತ್ತು! ಸಂಜೆ ಹುಡುಗರೆಲ್ಲ ಮಲಪ್ರಭೆಯ ಘಾಟಿನ ಮೇಲೆ ಅರಿವಿ ಬಿಚ್ಚಿಟ್ಟು ನೀರಿಗೆ ಹಾರುತ್ತಿದ್ದರು. ಇವನು ಮೆಟ್ಟಿಲ ಮೇಲೆ ಕೂತು ಆ ಅರಿವಿ ಕಾಯುತ್ತಿದ್ದ. ಕಾಯಿ ಎಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ಕಾಯುತ್ತಿದ್ದ. ಇವತ್ತಾದರೂ ಗಜಾನನ ನೀರಿನೊಳಗಿಂದ ಕೈಯೆತ್ತಿ "ಬಾರಲೇ ಗುರ್ಯಾ" ಅಂದಾನು ಎಂಬ ಆಸೆ. ಕತ್ತಲಾಗುವವರೆಗೆ ಕೂತು, ಮೈ ತೋಯದೆಯೇ ಮನೆಗೆ ಬರುತ್ತಿದ್ದ.

ಹೀಗಿರುವಾಗ ಒಂದು ಹೋಳಿ ಬಂತು. ಹುಡುಗರಿಗೆ ಬಣ್ಣ ಸಾಲಲಿಲ್ಲವೋ ಏನೋ, ಗುರುಪುತ್ರನ ಅಪ್ಪನ ಚೀಲದಿಂದ ಕತ್ತರಿ ಹಾರಿಸಿ, ಇವನನ್ನು ಸಾಲಿಯ ಹಿಂದೆ ಹಿಡಿದು ಕೆಡವಿ, ತಲೆಗೂದಲನ್ನು ಅಲ್ಲಲ್ಲಿ ಬುಡಕ್ಕೆ ಕತ್ತರಿಸಿ ಬಿಟ್ಟರು. ಕತ್ತರಿ ಹಿಡಿದವನು ಗಜಾನನನೇ. ಮನೆಗೆ ಬಂದ ಮಗನ ತಲೆಯನ್ನು ಅಪ್ಪ ತಿರುಗಿಸಿ ತಿರುಗಿಸಿ ನೋಡಿದ. ಸರಿಮಾಡಲು ಏನೂ ಉಳಿದಿರಲಿಲ್ಲ, ಪೂರ್ತಿ ಬೋಳಿಸುವುದೊಂದೇ ದಾರಿ. ಅವನು ಜೀವಮಾನವಿಡೀ ಅಪ್ಪನನ್ನು ಕಳೆದುಕೊಂಡ ಮಕ್ಕಳ ತಲೆಯನ್ನು ಹೊಳೆದಂಡೆಯಲ್ಲಿ ಬೋಳಿಸಿದವನು. ಹರಕೆಯ ಹೊರತು ಅಪ್ಪ ಬದುಕಿರುವಾಗ ಮಗನ ತಲೆ ಬೋಳಿಸಬಾರದು ಎಂದು ಊರಿಗೆಲ್ಲ ತಾನೇ ಹೇಳುತ್ತಿದ್ದವನು. ತಮ್ಮವರಲ್ಲಿ ಸಾವಿಗೆ ತಲೆ ಬೋಳಿಸುವ ಪದ್ಧತಿಯೇ ಇಲ್ಲ ನಿಜ, ಆದರೆ ಅವನ ಕೈಗೆ ಆ ಕೆಲಸದ ಅರ್ಥ ಒಂದೇ ಇತ್ತು. ಆ ಕೈಯಿಂದಲೇ ಸ್ವಂತ ಮಗನ ತಲೆ ನುಣ್ಣಗೆ ಮಾಡಿದ. ಓಣಿಯವರು ಯಾರು ಹೋದರು ಎಂದು ಕೇಳಿದಾಗ ನಿಂಗವ್ವ, ಎಲ್ಲಮ್ಮನ ಹರಕೆ ಇತ್ತು ಎಂದು ಸುಳ್ಳು ಹೇಳಿದಳು.

ಮಗನ ಕೂದಲು ಬಾಚುವಷ್ಟು ಬೆಳೆಯುವ ಮೊದಲೇ ಅಪ್ಪ ಕಾಮಣಿ, ಅಂದರೆ ಕಾಮಾಲೆ, ಆಗಿ ತೀರಿಕೊಂಡ. ಡಾಕ್ಟರು ಲಿವರ್ ಕೆಟ್ಟಿತ್ತು ಅಂದರು. ಹುಡುಗನ ಮನಸ್ಸಿಗೆ ಲಿವರ್ ಎಲ್ಲಿ ತಿಳಿಯಬೇಕು?

ಸೋದರಮಾವ ತಾಯಿ ಮಗ ಇಬ್ಬರನ್ನೂ ಬೆಳಗಾವಿಗೆ ಕರೆತಂದ. ಮಾವನ ಅಂಗಡಿಯಲ್ಲಿ ಕೂದಲು ಗುಡಿಸುತ್ತ ಗುಡಿಸುತ್ತ ಗುರುಪುತ್ರ ಕೈಗೆ ಕತ್ತರಿ ತಗೊಂಡ. ಮೊದಮೊದಲು ಅದರ ಸಪ್ಪಳಕ್ಕೇ ಬೆನ್ನು ಬೆವರುತ್ತಿತ್ತು. ಆಮೇಲಾಮೇಲೆ ಆ ಸಪ್ಪಳವೇ ಅನ್ನ ಕೊಟ್ಟಿತು, ಮರ್ಯಾದೆ ಕೊಟ್ಟಿತು, ಸ್ವಂತ ಸಲೂನು ಕೊಟ್ಟಿತು. ಇವತ್ತು ಕಾಲೇಜು ಹುಡುಗರು ಬೇರೆ ಕುರ್ಚಿ ಖಾಲಿ ಇದ್ದರೂ "ಅಣ್ಣಾನ ಮಾಡ್ಲಿ" ಎಂದು ಕಾಯುತ್ತಾರೆ. ಬಂದವರನ್ನು ನಗಿಸದೆ ಅವನು ಕಳಿಸುವುದಿಲ್ಲ. ಸಾಲಿಯ ದಿನಗಳನ್ನು ಗೆದ್ದು ಬಂದ ಗಂಡು ಎಂದು ಯಾರಾದರೂ ಒಪ್ಪಬೇಕು.

ಆದರೂ ಖಾನಾಪುರ ಎಳೆಯುತ್ತಿತ್ತು. ಬಸ್ಸು ಊರು ಸೇರುತ್ತಿದ್ದಂತೆ ಅವನು ಕಿಟಕಿಯಿಂದ ಒಂದೊಂದನ್ನೇ ನೋಡುತ್ತಿದ್ದ. ಅಪ್ಪ ಕೂತ ಕಟ್ಟೆಗಳು, ತಾನು ಈಜದ ಹೊಳೆ, ತಾನು ಆಡದ ಆಟದ ಬಯಲು. ತನ್ನದಾಗದ ಊರಿನ ಮೇಲೂ ಇಷ್ಟು ಹಂಬಲ ಇರುತ್ತದೆಯೇ ಎಂದು ಅವನಿಗೇ ನಾಚಿಕೆ. ಅದೆಲ್ಲದರ ಅಡಿಯಲ್ಲಿ ಒಂದೇ ಒಂದು ಬಯಕೆ ಕೂತಿತ್ತು. ಎಂದಾದರೊಂದು ದಿನ ಗಜಾನನ ಎದುರಾಗಬೇಕು, ಒಂದು ಸಲ, ಒಂದೇ ಸಲ, ತಪ್ಪಾಯಿತು ಅನ್ನಬೇಕು.

ಖಾನಾಪುರದ ಮುದುಕರೇನು ಮೊದಲ ದಿನವೇ ಇವನಿಗೆ ಆರತಿ ಎತ್ತಲಿಲ್ಲ. ಯಾವ ಮನೆಗಳಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ಆಶಾ ಕಾರ್ಯಕರ್ತೆ ರೇಣವ್ವ ತೋರಿಸುತ್ತಿದ್ದಳು. ಮೊದಲ ಮನೆಯಲ್ಲೇ ಒಬ್ಬ ಅಜ್ಜ ಇವನ ಕೈಯಲ್ಲಿ ಉಸ್ತರಾ ಕಂಡು ಕಿರುಚಿಕೊಂಡ.

"ಯಾರ ಕರಸೀರಲೇ ಇವನ್ನ? ನಾ ಇನ್ನೂ ಸತ್ತಿಲ್ಲ!"

ತಪ್ಪು ಗುರುಪುತ್ರನದೇ. ಬೆಳಗಾವಿಯ ಗಾಳಿಯಲ್ಲಿ ಮರೆತುಬಿಟ್ಟಿದ್ದ. ಈ ಕಡೆ ಕ್ಷೌರದವನು ಮನೆಯೊಳಗೆ ಬಂದು, ಮಲಗಿದವನ ಮೋರೆಗೆ ಉಸ್ತರಾ ಹಿಡಿದರೆ ಅದು ಹೆಣಕ್ಕೆ ಮಾಡುವ ಕ್ಷೌರ. ಜೀವ ಇದ್ದವನು ಎದ್ದು ಕೂರಬೇಕು. ಅಂದಿನಿಂದ ಅವನು ಒಂದು ನೇಮ ಮಾಡಿಕೊಂಡ. ಎಂಥ ನಿತ್ರಾಣದ ಮುದುಕನೇ ಇರಲಿ, ಕೂರಿಸಿಯೇ ಮಾಡುವುದು. ಮನೆಯವರೊಬ್ಬರು ಹಾಸಿಗೆಯ ಮೇಲೆ ಹಿಂದೆ ಕೂತು ಎದೆ ಬಳಸಿ ಹಿಡಿದುಕೊಳ್ಳಬೇಕು. ಆ ನೇಮ ಊರಿಗೆ ಹಿಡಿಸಿತು. "ಹಡಪದರ ಹುಡುಗ ನಮ್ಮನ್ನ ಎಬ್ಬಿಸಿ ಕುಂದರಸ್ತಾನ" ಎಂದು ಮುದುಕರು ಮಂಗಳವಾರದ ದಾರಿ ಕಾಯತೊಡಗಿದರು.

ಒಂದು ಮಂಗಳವಾರ ರೇಣವ್ವ ಅಂದಳು, "ಅಣ್ಣಾ, ಇವತ್ತ ಹಂಚಿನ ಅಂಗಡಿ ಸಿದರಾಯ ಕಾಕಾರ ಮನಿಗೆ ಹೋಗೂಣು ಬರ್ರಿ. ಲಕ್ವಾ ಹೊಡದು ಎಡಗಡೆ ಬಿದ್ದೈತಿ. ದಾಡಿ ಎದಿಮಟ ಬಂದೈತಿ."

ಗುರುಪುತ್ರ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಸಿದರಾಯನೆಂದರೆ ಗಜಾನನನ ಅಪ್ಪ.

ಬಾಗಿಲು ತೆರೆದವನು ಗಜಾನನನೇ. ಹೊಟ್ಟೆ ಮುಂದೆ ಬಂದಿದೆ, ಮೀಸೆ ನರೆತಿದೆ, ನಗು ಮಾತ್ರ ಅದೇ. ಒಂದು ಕ್ಷಣ ದಿಟ್ಟಿಸಿ ನೋಡಿ, "ಅಯ್ಯ ನಿನ್ನ! ಗುರ್ಯಾ ಅಲ್ಲೇನಲೇ ನೀ?" ಎಂದು ತೆಕ್ಕೆಗೆ ಎಳೆದುಕೊಂಡ. "ಎಲ್ಲಿ ಹಾಳಾಗಿ ಹೋಗಿದ್ಯೋ ದೋಸ್ತ! ಬಾರಲೇ, ಒಳಗ ಬಾ."

ಎಷ್ಟು ವರ್ಷ ಕಾದ ಮಾತು ಅದು! ಗುರುಪುತ್ರನ ಕಣ್ಣು ತುಂಬಿಬಂತು. ಸಿಟ್ಟು ಬರಬೇಕಾದಲ್ಲಿ ಆ ಮಾನಗೇಡಿ ಮನಸ್ಸು ಹಿಗ್ಗಿತು. ಒಳಗೆ ಹೋಗಿ ಚೀಲ ಬಿಚ್ಚಿದ.

ಸಿದರಾಯನನ್ನು ಎಬ್ಬಿಸಿ ಕೂರಿಸಿದರು. ಗಜಾನನ ಹಿಂದೆ ಕೂತು, ಎರಡೂ ತೋಳಿನಿಂದ ಅಪ್ಪನ ಎದೆ ಬಳಸಿ, ಗದ್ದವನ್ನು ಅಪ್ಪನ ಹೆಗಲ ಮೇಲಿಟ್ಟುಕೊಂಡ. ಈಗ ಗುರುಪುತ್ರನ ಮುಂದೆ ಎರಡು ಮುಖ, ಅಪ್ಪನದು ಮತ್ತು ಮಗನದು, ಗೇಣು ಅಂತರದಲ್ಲಿ. ಟ್ರಿಮ್ಮರಿನಿಂದ ದಾಡಿ ಇಳಿಸಿ, ಸೋಪು ಹಚ್ಚಿ, ಬಲಗೆನ್ನೆಗೆ ಉಸ್ತರಾ ಇಟ್ಟ. ಮುದುಕ ಹಿತವಾಗಿ ಕಣ್ಣು ಮುಚ್ಚಿದ.

ಗಜಾನನನ ಬಾಯಿಗೆ ಬಿಡುವಿರಲಿಲ್ಲ. "ಇದು ಮುಗೀಲಿ, ಸಂಜೀಕ ಹೊಳಿಗೆ ಹೋಗೂಣು. ಹಳೇ ಹುಡುಗೂರನ್ನೆಲ್ಲಾ ಕರಸ್ತೀನಿ. ಘಾಟಿನ ಮ್ಯಾಲ ಕುಂತು ಅವಲಕ್ಕಿ ತಿನ್ನೂಣು. ಏನಂತಿ?"

"ಹೂಂ" ಅಂದ ಗುರುಪುತ್ರ. ಬಲಗೆನ್ನೆ ಮುಗಿಯಿತು. ಸುಮ್ಮನೆ ಇದ್ದುಬಿಟ್ಟರೆ ಸಂಜೆ ಹೊಳೆ, ಗೆಳೆಯರು, ಎಲ್ಲ ಸಿಗುತ್ತದೆ. ಬಾಯಿ ಬಿಟ್ಟರೆ ಇವತ್ತೇ ಎಲ್ಲ ಮುಗಿದುಹೋಗುತ್ತದೆ. ಸುಮ್ಮನಿರೋಣ ಎಂದೇ ಅವನು ಮನಸ್ಸು ಮಾಡಿದ್ದ, ದೇವರಾಣೆ.

ಅಷ್ಟರಲ್ಲಿ ಗಜಾನನ ಅಪ್ಪನ ಕಿವಿಯಲ್ಲಿ ನಕ್ಕ. "ಅಪ್ಪಾ, ಇಂವಾ ನಮ್ಮ ಗ್ಯಾಂಗಿನ್ಯಾಂವ. ಒಮ್ಮೆ ಹೋಳ್ಯಾಗ ಇವನ ತಲೀನ ಕತ್ತರಿಸಿ ಬಿಟ್ಟಿದ್ವಿ! ಏನ್ ಮಜಾ ಇತ್ತೋ ಮಾರಾಯಾ! ನೆನಪೈತೇನಲೇ ಗುರ್ಯಾ?"

ಗುರುಪುತ್ರ ಉಸ್ತರಾ ಒರೆಸಿ, ಮಡಚಿ, ಕೆಳಗಿಟ್ಟ.

"ನಾ ನಿಮ್ಮ ಗ್ಯಾಂಗಿನ್ಯಾಂವ ಅಲ್ಲ ಗಜಾನನ. ನಿಮ್ಮ ಅರಿವಿ ಕಾಯಾಂವ ಇದ್ದೆ. ನೀ ಒಮ್ಮೆ ಬಾ ಅಂತ ಕರೀತಿ ಅಂತ ದಿನಾ ಬಂದು ಕುಂದರತಿದ್ದೆ. ನೀ ಕರೀಲಿಲ್ಲ."

ಗಜಾನನ ನಗುತ್ತಲೇ ಇದ್ದ, ನಗು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನಂತೆ. "ಏ, ಹುಡುಗಾಟಕಿ ಅದು..."

"ಹುಡುಗಾಟಕಿ ಖರೇ. ನೀ ಬಿಟ್ಟ ತಲಿ ಬಾಚೂಹಂಗ ಇರಲಿಲ್ಲ. ನಮ್ಮಪ್ಪ ಬೋಳಿಸಿದ. ತಾ ಬದುಕಿದ್ದಾಗ, ತನ್ನ ಕೈಯಾರೆ. ಯಾರ ಸತ್ತಾರ ಅಂತ ಊರು ಕೇಳ್ತು. ಮಳಿಗಾಲಕ್ಕ ಅಪ್ಪ ಹೋದ."

"ಅವರು ಕಾಮಣಿ ಆಗಿ ಹೋದ್ರಲ್ಲೋ..."

"ಹೌದು, ಕಾಮಣಿನ. ಈಗ ನನಗ ಗೊತ್ತೈತಿ. ಅವಾಗ ಗೊತ್ತಿರಲಿಲ್ಲ. ನನ್ನ ಬೋಳ ತಲೀನ ಅಪ್ಪನ್ನ ತಿಂತು ಅಂತ ತಿಳಕೊಂಡಿದ್ದೆ. ದೊಡ್ಡಾಂವ ಆಗೂಮಟ ಹಂಗ ತಿಳಕೊಂಡ ಮಲಗೀನಿ, ಹಂಗ ತಿಳಕೊಂಡ ಎದ್ದೀನಿ."

ಬೇರೆ ಹೊತ್ತಿನಲ್ಲಾಗಿದ್ದರೆ ಗಜಾನನ ಎದ್ದು ಹೊರಗೆ ಹೋಗುತ್ತಿದ್ದ, ಇಲ್ಲವೇ ದನಿ ಏರಿಸುತ್ತಿದ್ದ. ಈಗ ಅಪ್ಪ ತೋಳಿನಲ್ಲಿದ್ದ. ಬಿಟ್ಟರೆ ಬೀಳುತ್ತಾನೆ. ಮುಖ ತಿರುಗಿಸಲೂ ಜಾಗವಿರಲಿಲ್ಲ. ಅಷ್ಟು ಹತ್ತಿರದಿಂದ ಗುರುಪುತ್ರ ನೋಡುತ್ತಿದ್ದಂತೆ ಆ ನಗು ಮೆಲ್ಲಗೆ ಆರಿತು.

"ನನಗ ಇದು ಗೊತ್ತ ಇರಲಿಲ್ಲೋ ಗುರ್ಯಾ" ಅಂದ. ಸುಳ್ಳು ಹೇಳುತ್ತಿರಲಿಲ್ಲ. ಅಪ್ಪನ ಹೆಗಲಿನಲ್ಲಿ ಮುಖ ಹುದುಗಿಸಿ, "ತಪ್ಪಾತು. ಭಾಳ ತಪ್ಪಾತು" ಅಂದ.

ಬಂತಲ್ಲ ಆ ಮಾತು! ಇದಕ್ಕಾಗಿ ಅಲ್ಲವೇ ಇಷ್ಟು ಮಂಗಳವಾರ ಬಸ್ಸು ಹತ್ತಿದ್ದು? ಗುರುಪುತ್ರ ಕಾದ. ಎದೆ ಹಗುರಾಗುತ್ತದೆಂದು ಕಾದ. ಎಲ್ಲಿಯ ಹಗುರ? ಒಳಗಿನ ಆ ಖಾಲಿ ಜಾಗ ಇದ್ದ ಹಾಗೇ ಇತ್ತು.

ಗಜಾನನ ಮುಖ ಎತ್ತಿದ. ಕಣ್ಣು ಕೆಂಪಾಗಿದ್ದವು. "ಅಪ್ಪಂದು ಮುಗದ ಮ್ಯಾಲ ನನ್ನ ತಲಿ ಬೋಳಸು. ನಾನೂ ಊರಾಗ ಹಂಗ ಅಡ್ಡಾಡ್ತೀನಿ. ಕೇಳಿದವರಿಗೆ ಖರೇ ಹೇಳ್ತೀನಿ. ಆವಾಗ ಸಮ ಆಕ್ಕೈತಿ."

ಮುದುಕ ಇಷ್ಟೊತ್ತು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಿದ್ದ. ಸೊಟ್ಟಗಾದ ಬಾಯಿಯಿಂದ ಮಾತು ತಡವರಿಸಿ ಬಂತು. "ಬೋಳಸು ತಮ್ಮಾ. ನನ್ನ ಚಿಂತಿ ಮಾಡಬ್ಯಾಡ. ನಾ ಹೆಂಗೂ ಹೋಗಾಂವ."

ಟ್ರಿಮ್ಮರ್ ಕೈಯಳತೆಯಲ್ಲೇ ಇತ್ತು. ಗುರುಪುತ್ರ ಅದರ ಕಡೆ ನೋಡಲಿಲ್ಲ. ಕತ್ತರಿಯ ಹೆದರಿಕೆಯನ್ನು ಗೆದ್ದು ಬೆಳೆದ, ಊರನ್ನೆಲ್ಲ ನಗಿಸಿದ ಗಂಡಸು, ಆ ಹಾಸಿಗೆಯ ಅಂಚಿನಲ್ಲಿ ಕೂತು ಹುಡುಗನ ಹಾಗೆ ಅಳತೊಡಗಿದ.

"ನಿನ್ನ ತಲಿ ಬೋಳಿಸಿ ನಾ ಏನ್ ಮಾಡ್ಲೋ ಗಜಾನನ? ನಮ್ಮಪ್ಪ ಬರ್ತಾನೇನು? ನೀ ತಪ್ಪಾತು ಅನ್ನೂದು ಬೇಕಾಗೇತಿ ಅಂತ ತಿಳಕೊಂಡಿದ್ದೆ. ಅದಲ್ಲೋ. ನನಗ ನಮ್ಮಪ್ಪ ಬೇಕಾಗ್ಯಾನ."

ಎಡಗೆನ್ನೆಯ ಸೋಪು ಒಣಗುತ್ತಿತ್ತು. ಗಜಾನನನ ತೋಳು ಸಡಿಲಾಗಿ ಮುದುಕ ಒಂದು ಕಡೆ ವಾಲಿದ. ಗುರುಪುತ್ರ ಕಣ್ಣೊರೆಸಿಕೊಂಡು, ಮುದುಕನ ಹೆಗಲಿಗೆ ಕೈಕೊಟ್ಟು ಮೆಲ್ಲಗೆ ನೆಟ್ಟಗೆ ಮಾಡಿ, ಬ್ರಶ್ಶನ್ನು ನೀರಿಗೆ ಅದ್ದಿದ.

"ನಿಮ್ಮಪ್ಪ ಇನ್ನೂ ಅದಾರ" ಅಂದ. "ಗಟ್ಟಿ ಹಿಡಕೋ."